ವಿಲಿಯಂ ಸೈಬೋರ್ನ್

ವಿಲಿಯಂ ಸೈಬೋರ್ನ್ (1797 ಅಕ್ಟೋಬರ್ 15 – 1849 ಜನವರಿ 9) ಬ್ರಿಟಿಷ್ ಸೇನಾಧಿಕಾರಿ, ಭೂಮಾಪನ ತಜ್ಞ ಮತ್ತು ಯುದ್ಧೇತಿಹಾಸಕಾರ. 1815ರ ಜೂನ್ 18ರಂದು ನಡೆದ ವಾಟರ್‌ಲೂ ಕದನವನ್ನು ಕಿರಿದಾದ ಅಳತೆಯಲ್ಲಿ ಮರುಸೃಷ್ಟಿಸಿದ ಎರಡು ಬೃಹತ್ ಮಾದರಿಗಳಿಂದಾಗಿ ಈತನ ಹೆಸರು ಉಳಿದಿದೆ. ಮೊದಲನೆಯ ಮಾದರಿಯು ಕದನದ ವಿಜೇತನಾದ ವೆಲಿಂಗ್ಟನ್ ಡ್ಯೂಕನ ಅಸಮಾಧಾನಕ್ಕೆ ಕಾರಣವಾಯಿತು. ಯುದ್ಧದ ಇತಿಹಾಸವನ್ನು ಹೇಳುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಅದನ್ನು ಇಂದಿಗೂ ಉದಾಹರಿಸಲಾಗುತ್ತದೆ.

ಜೀವನ

ಸೈಬೋರ್ನನ ತಂದೆ ಬೆಂಜಮಿನ್ 9ನೆಯ ಪದಾತಿ ರೆಜಿಮೆಂಟಿನಲ್ಲಿ ಕ್ಯಾಪ್ಟನ್ ಆಗಿದ್ದ. ಮಗನೂ ಸ್ಯಾಂಡ್‌ಹರ್ಸ್ಟ್‌ನ ರಾಯಲ್ ಮಿಲಿಟರಿ ಕಾಲೇಜಿನಲ್ಲಿ ಓದಿ, 1813ರಲ್ಲಿ ಅದೇ ರೆಜಿಮೆಂಟಿನ ಎನ್‌ಸೈನ್ ಹುದ್ದೆ ಪಡೆದ. ವಾಟರ್‌ಲೂ ಕದನದಲ್ಲಿ ಈತ ಭಾಗವಹಿಸಿರಲಿಲ್ಲ. ಕದನ ಮುಗಿದ ಮೇಲೆ, ಪ್ಯಾರಿಸಿನಲ್ಲಿ ಬೀಡುಬಿಟ್ಟಿದ್ದ ಸೈನ್ಯವನ್ನು ಸೇರಿಕೊಂಡ. ಜೀವನದ ಬಹುಭಾಗವನ್ನು ಯಾವ ಒಂದು ದಿನದ ಅಧ್ಯಯನಕ್ಕೆ ಮುಡಿಪಾಗಿಟ್ಟನೋ ಆ ದಿನ ರಣರಂಗದಲ್ಲಿ ತಾನು ಇಲ್ಲದಿದ್ದುದೇ ಈತನನ್ನು ಇತರರ ಸಾಕ್ಷ್ಯ ಹುಡುಕುವಂತೆ ಮಾಡಿತು ಎನ್ನಬಹುದು.

ಈತನ ನಿಜವಾದ ಒಲವು ನೆಲದ ಏರುತಗ್ಗುಗಳನ್ನು ಕಾಗದದ ಮೇಲೆ ತೋರಿಸುವ ವಿದ್ಯೆಯಲ್ಲಿತ್ತು. 1822ರಲ್ಲಿ ಮತ್ತು 1827ರಲ್ಲಿ ಭೂಮಾಪನ ಹಾಗೂ ಭೂಚಿತ್ರಲೇಖನವನ್ನು ಕುರಿತು ಎರಡು ಗ್ರಂಥಗಳನ್ನು ಪ್ರಕಟಿಸಿದ. 1826ರಲ್ಲಿ ಐರ್ಲೆಂಡಿನ ಸೇನಾಪತಿಯ ಸಹಾಯಕ ಸೇನಾ ಕಾರ್ಯದರ್ಶಿಯಾಗಿ ನೇಮಕಗೊಂಡು, ಸೇನಾಪತಿಗಳು ಬದಲಾದರೂ 1843ರವರೆಗೆ ಅದೇ ಹುದ್ದೆಯಲ್ಲಿ ಮುಂದುವರಿದ. ಕ್ಯಾಪ್ಟನ್ ಪದವಿ ದೊರೆತದ್ದು 1840ರಲ್ಲಿ. ಮಾದರಿ ರಚಿಸುತ್ತಿದ್ದ ಕಾಲದಲ್ಲೆಲ್ಲ ಈತ ಕೇವಲ ಲೆಫ್ಟಿನೆಂಟ್ ಎಂಬುದನ್ನು ಮುಂದಿನ ವಿವಾದವನ್ನು ಓದುವಾಗ ನೆನಪಿಡಬೇಕು.

ವಾಟರ್‌ಲೂ ಮಾದರಿ

1830ರಲ್ಲಿ ಬ್ರಿಟಿಷ್ ಸೇನೆಯ ದಂಡನಾಯಕ ರೋಲೆಂಡ್ ಹಿಲ್, ಯುನೈಟೆಡ್ ಸರ್ವಿಸ್ ಮ್ಯೂಸಿಯಮ್ಮಿಗಾಗಿ ವಾಟರ್‌ಲೂ ರಣರಂಗದ ಮಾದರಿಯೊಂದನ್ನು ತಯಾರಿಸುವ ಕೆಲಸವನ್ನು ಸೈಬೋರ್ನನಿಗೆ ವಹಿಸಿದ. ಕದನದಲ್ಲಿ ತೀವ್ರ ಹೋರಾಟ ನಡೆದಿದ್ದ ಲಾ ಹೇ ಸೇಂತ್ ಎಂಬ ತೋಟದ ಮನೆಯಲ್ಲೇ ಈತ ಎಂಟು ತಿಂಗಳು ನೆಲೆಸಿ, ಸುತ್ತಣ ಬಯಲನ್ನು ಮೋಜಣಿ ಮಾಡಿದ. ಅಷ್ಟು ಹೊತ್ತಿಗೆ ನೆಲವೇ ಬದಲಾಗಿತ್ತು. 1826ರಲ್ಲಿ ಪೂರ್ಣಗೊಂಡ, ಸುಮಾರು 40 ಮೀಟರ್ ಎತ್ತರದ ಸಿಂಹದ ದಿಬ್ಬಕ್ಕಾಗಿ ವೆಲಿಂಗ್ಟನ್ನನ ಸೈನ್ಯ ನಿಂತಿದ್ದ ಏರಿನ ಮಣ್ಣನ್ನೇ ಅಗೆದು ಒಟ್ಟಿದ್ದರು. ಹೀಗಾಗಿ ಮಾದರಿಯಲ್ಲಿ ಕಾಣಿಸಬೇಕಾದದ್ದು ಕಣ್ಣೆದುರಿನ ನೆಲವಲ್ಲ, ಹದಿನೈದು ವರ್ಷಗಳ ಹಿಂದಿನ ನೆಲ.

ಮಾದರಿಯ ಅಳತೆ ಒಂದು ಮೈಲಿಗೆ ಒಂಬತ್ತು ಅಡಿ, ಅಂದರೆ ಹೆಚ್ಚುಕಡಿಮೆ 1:587. ಸುಮಾರು 400 ಚದರ ಅಡಿ ವಿಸ್ತಾರದ ಈ ರಚನೆಯ ಮೇಲೆ ತವರ ಮತ್ತು ಸೀಸದ ಮಿಶ್ರಲೋಹದಲ್ಲಿ ಎರಕ ಹೊಯ್ದ 70 ಸಾವಿರಕ್ಕೂ ಹೆಚ್ಚು ಸೈನಿಕ ಆಕೃತಿಗಳಿವೆ. ಒಂದೊಂದರ ಎತ್ತರ ಸುಮಾರು ಒಂದು ಸೆಂಟಿಮೀಟರ್. ನೆಲದ ಅಳತೆಯನ್ನೇ ಅನುಸರಿಸಿದ್ದರೆ ಸೈನಿಕನ ಎತ್ತರ ಮೂರು ಮಿಲಿಮೀಟರಿಗೆ ಮೀರುತ್ತಿರಲಿಲ್ಲ. ನೋಡುವವರಿಗೆ ದಳಗಳ ಭೇದವೇ ತಿಳಿಯುತ್ತಿರಲಿಲ್ಲ. ಅಳತೆಯ ನಿಖರತೆಗೂ ನೋಟದ ಸ್ಪಷ್ಟತೆಗೂ ನಡುವಣ ಇಂಥ ರಾಜಿ ಮಾದರಿ ಕಟ್ಟುವ ಎಲ್ಲರೂ ಎದುರಿಸುವಂಥದ್ದೇ.

1833ರಲ್ಲಿ ಹೊಸ ಮಂತ್ರಿಮಂಡಲವು ಧನಸಹಾಯ ನೀಡಲು ನಿರಾಕರಿಸಿತು. ಕೆಲಸವನ್ನು ಕೈಬಿಡಲು ಅದೊಂದು ಗೌರವಯುತ ಅವಕಾಶವಾಗಿತ್ತು. ಸೈಬೋರ್ನ್ ಅದನ್ನು ಬಳಸಿಕೊಳ್ಳದೆ, ಬಿಡುವಿನ ವೇಳೆಯಲ್ಲಿ, ಸ್ವಂತ ಖರ್ಚಿನಲ್ಲಿ ಮುಂದುವರಿದು 1838ರಲ್ಲಿ ಮಾದರಿಯನ್ನು ಪೂರ್ಣಗೊಳಿಸಿದ. ತಗುಲಿದ ವೆಚ್ಚ ಸುಮಾರು 3,000 ಪೌಂಡ್. ಲಂಡನ್ನಿನ ಪಿಕಡಿಲಿಯಲ್ಲಿದ್ದ ಈಜಿಪ್ಷಿಯನ್ ಹಾಲ್‌ನಲ್ಲಿ ಅದರ ಪ್ರದರ್ಶನ ನಡೆದು, ಸುಮಾರು ಒಂದು ಲಕ್ಷ ಜನ ವೀಕ್ಷಿಸಿದರೆಂದು ಹೇಳಲಾಗಿದೆ. ಆದರೂ ಹಾಕಿದ ಹಣ ಈತನಿಗೆ ಹಿಂದಿರುಗಲಿಲ್ಲ.

ಸುತ್ತೋಲೆ ಮತ್ತು ಪತ್ರಗಳು

ಮಾದರಿಯಲ್ಲಿ ತೋರಿಸಲು ಸೈಬೋರ್ನ್ ಆರಿಸಿಕೊಂಡದ್ದು ಸಂಜೆ ಸುಮಾರು ಏಳು ಗಂಟೆಯ ಸಮಯ. ನೆಪೋಲಿಯನ್ನನ ಇಂಪೀರಿಯಲ್ ಗಾರ್ಡ್ ಪಡೆ ಏರನ್ನು ಹತ್ತಿ ಬಂದ, ಕದನದ ಗತಿಯನ್ನು ನಿರ್ಣಯಿಸಿದ ಗಳಿಗೆ ಅದು. ಅಧಿಕೃತ ವರದಿಗಳಿಂದ ಪ್ರತಿಯೊಂದು ದಳದ ನೆಲೆ ತಿಳಿಯುವಂತಿರಲಿಲ್ಲ. ಆದ್ದರಿಂದ 1834ರಿಂದ, ಬದುಕುಳಿದಿದ್ದ ಅಧಿಕಾರಿಗಳಿಗೆ ಸುತ್ತೋಲೆ ಕಳುಹಿಸಿದ. ಆ ಹೊತ್ತಿನಲ್ಲಿ ನಿಮ್ಮ ದಳ ಎಲ್ಲಿತ್ತು, ಯಾವ ವ್ಯೂಹದಲ್ಲಿತ್ತು, ಎದುರಿಗಿದ್ದ ಶತ್ರುವಿನ ರಚನೆ ಹೇಗಿತ್ತು ಎಂಬುವು ಮುಖ್ಯ ಪ್ರಶ್ನೆಗಳು. ಹೊಲದಲ್ಲಿ ಯಾವ ಬೆಳೆ ಇತ್ತೆಂಬುದನ್ನೂ ಈತ ಬಿಡದೆ ವಿಚಾರಿಸಿದ. ಇದು ಕುತೂಹಲದ ಪ್ರಶ್ನೆಯಲ್ಲ: ಆಳೆತ್ತರ ಬೆಳೆದ ರೈ ಪೈರು ಸೈನಿಕರ ದೃಷ್ಟಿಯನ್ನು ಮರೆಮಾಡಿತ್ತು.

ಬಂದ ಉತ್ತರಗಳು ಸುಮಾರು 700. ಇಪ್ಪತ್ತು ವರ್ಷಗಳ ನಂತರದ ನೆನಪುಗಳಾದ್ದರಿಂದ ಅವು ಎಲ್ಲೆಡೆ ಪರಸ್ಪರ ಹೊಂದುವುದಿಲ್ಲ. ಇಂಪೀರಿಯಲ್ ಗಾರ್ಡನ್ನು ಹಿಮ್ಮೆಟ್ಟಿಸಿದ ಕೀರ್ತಿ ಯಾರಿಗೆ ಸಲ್ಲಬೇಕೆಂಬ ಪೈಪೋಟಿಯೂ ಅವುಗಳಲ್ಲಿದೆ. ಆದರೂ ಒಂದೇ ಕದನದ ಬಗ್ಗೆ ಅದರಲ್ಲಿ ಹೋರಾಡಿದವರಿಂದಲೇ ಇಷ್ಟು ವ್ಯವಸ್ಥಿತವಾಗಿ ಸಾಕ್ಷ್ಯ ಕಲೆಹಾಕಿದ ನಿದರ್ಶನ ಆ ಕಾಲದಲ್ಲಿ ವಿರಳ. ಇತಿಹಾಸದ ವಿದ್ಯಾರ್ಥಿಗಳಿಗೆ ಮಾದರಿಗಿಂತ ಈ ಪತ್ರಗಳೇ ಹೆಚ್ಚು ಬೆಲೆಯುಳ್ಳವು.

ವೆಲಿಂಗ್ಟನ್ನನೊಡನೆ ವಿವಾದ

ಕನ್ನಡಿಗರಿಗೆ ವೆಲಿಂಗ್ಟನ್ ಅಪರಿಚಿತನಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈತ. ಸೈಬೋರ್ನನ ಕಾಲಕ್ಕೆ ಆತ ಪ್ರಧಾನಮಂತ್ರಿಯೂ ಆಗಿದ್ದ ರಾಷ್ಟ್ರನಾಯಕ. ಕದನವೊಂದರ ಇತಿಹಾಸವನ್ನು ಬರೆಯಹೊರಡುವುದು ನರ್ತನಕೂಟವೊಂದರ ಇತಿಹಾಸವನ್ನು ಬರೆದಷ್ಟೇ ನಿರರ್ಥಕ ಎಂಬರ್ಥದ ಅಭಿಪ್ರಾಯವನ್ನು 1815ರಲ್ಲೇ ಪತ್ರವೊಂದರಲ್ಲಿ ವ್ಯಕ್ತಪಡಿಸಿದ್ದ.

ವಿವಾದ ಹುಟ್ಟಿದ್ದು ಪ್ರಷ್ಯನ್ ಸೈನ್ಯವನ್ನು ಕುರಿತು. ಬ್ಲೂಖರನ ನೇತೃತ್ವದ ಪ್ರಷ್ಯನ್ನರು ಸಂಜೆ ಸುಮಾರು ನಾಲ್ಕೂವರೆಯಿಂದಲೇ ಫ್ರೆಂಚರ ಬಲಪಾರ್ಶ್ವದ ಮೇಲೆ ಎರಗಿದ್ದರು. ಪ್ಲಾನ್ಸ್‌ನ್ವಾ ಗ್ರಾಮದಲ್ಲಿ ಘೋರ ಕಾಳಗ ನಡೆಯುತ್ತಿತ್ತು. ಗ್ರಂಥದಲ್ಲಾದರೆ ಅವರು ಸಂಜೆಯ ವೇಳೆಗೆ ನೆರವಿಗೆ ಬಂದರೆಂದು ಬರೆದು ಮುಂದೆ ಸಾಗಬಹುದು. ಮಾದರಿಯಲ್ಲಿ ಆ ಅನುಕೂಲವಿಲ್ಲ. ಏಳು ಗಂಟೆಗೆ ಎಷ್ಟು ಜನ, ಯಾವ ಜಾಗದಲ್ಲಿ ಎಂಬುದನ್ನು ತೀರ್ಮಾನಿಸಿ ಆಕೃತಿಗಳನ್ನು ನಿಲ್ಲಿಸಲೇಬೇಕು. ಸೈಬೋರ್ನ್ ಪ್ರಷ್ಯನ್ ಸೇನಾ ಮುಖ್ಯಾಲಯದಿಂದಲೂ ಮಾಹಿತಿ ತರಿಸಿಕೊಂಡು, ಅದಕ್ಕನುಗುಣವಾಗಿ ದೊಡ್ಡ ಪ್ರಷ್ಯನ್ ಪಡೆಯೊಂದನ್ನು ಫ್ರೆಂಚರ ಪಾರ್ಶ್ವದಲ್ಲಿ ಇರಿಸಲು ಯೋಜಿಸಿದ.

ಗೆಲುವಿನಲ್ಲಿ ಪ್ರಷ್ಯನ್ನರ ಪಾಲು ಅತಿಯಾಗಿ ಕಾಣುವುದೆಂದು ವೆಲಿಂಗ್ಟನ್ ಇದನ್ನು ಒಪ್ಪಲಿಲ್ಲ. ವಾಟರ್‌ಲೂನಲ್ಲಿ ಬಲಗೈ ಕಳೆದುಕೊಂಡಿದ್ದ, ಆಗ ಸೇನಾ ಕಾರ್ಯದರ್ಶಿಯಾಗಿದ್ದ ಫಿಟ್ಸ್‌ರಾಯ್ ಸಾಮರ್‌ಸೆಟ್, ಇಂಥ ರಚನೆ ನೋಡುಗರಲ್ಲಿ ತಪ್ಪು ಕಲ್ಪನೆ ಮೂಡಿಸುವುದೆಂದು ಸೈಬೋರ್ನನಿಗೆ ಬರೆದ. ವಿಚಿತ್ರವೆಂದರೆ, ಕದನದ ಮರುದಿನ ಬರೆದ ವರದಿಯಲ್ಲಿ ವೆಲಿಂಗ್ಟನ್ ತಾನೇ ಪ್ರಷ್ಯನ್ನರ ಸಕಾಲಿಕ ನೆರವನ್ನು ಮುಕ್ತವಾಗಿ ಸ್ಮರಿಸಿದ್ದ. ಕೊನೆಗೆ ಸೈಬೋರ್ನ್ ಪ್ರಷ್ಯನ್ ಆಕೃತಿಗಳಲ್ಲಿ ಬಹುಪಾಲನ್ನು ತೆಗೆದುಹಾಕಿದ.

ಈ ಬದಲಾವಣೆಯ ಕಾರಣವನ್ನು ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 2004ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪೀಟರ್ ಹಾಫ್‌ಶ್ರೋಯರ್, ಇದನ್ನು ಅಧಿಕಾರಸ್ಥರ ಒತ್ತಡದ ಫಲವೆಂದು ವಾದಿಸಿದ್ದಾನೆ. ಈ ವಾದ ಅತಿರೇಕದ್ದೆಂದೂ, ಸಾಕ್ಷ್ಯಗಳನ್ನು ಮರುಪರಿಶೀಲಿಸಿದ ಸೈಬೋರ್ನ್ ತಾನಾಗಿಯೇ ಮನಸ್ಸು ಬದಲಿಸಿರಬಹುದೆಂದೂ ಹೇಳುವವರಿದ್ದಾರೆ. ಎರಡೂ ಕಾರಣಗಳು ಒಟ್ಟಿಗೆ ಕೆಲಸ ಮಾಡಿರುವುದು ಅಸಂಭವವೇನಲ್ಲ: ಸಾಲದ ಹೊರೆ ಹೊತ್ತಿದ್ದ ಸೇವಾನಿರತ ಲೆಫ್ಟಿನೆಂಟನೊಬ್ಬನಿಗೆ ಮೇಲಧಿಕಾರಿಗಳ ಅಭಿಪ್ರಾಯ ಕೇವಲ ಅಭಿಪ್ರಾಯವಾಗಿ ಉಳಿಯುವುದಿಲ್ಲ.

ಎರಡನೆಯ ಮಾದರಿ ಮತ್ತು ಗ್ರಂಥ

ನಷ್ಟವುಂಟಾದರೂ ಸೈಬೋರ್ನ್ ಹವ್ಯಾಸವನ್ನು ತೊರೆಯಲಿಲ್ಲ. ಹೆಚ್ಚು ದೊಡ್ಡ ಅಳತೆಯಲ್ಲಿ, ರಣರಂಗದ ಒಂದು ಭಾಗವನ್ನಷ್ಟೇ ತೋರಿಸುವ ಹೊಸ ಮಾದರಿಯನ್ನು 1844ರ ಸುಮಾರಿಗೆ ಸಿದ್ಧಪಡಿಸಿದ. ಮಧ್ಯಾಹ್ನದ ವೇಳೆ ಫ್ರೆಂಚ್ ಪದಾತಿದಳದ ಮೇಲೆ ಅಕ್ಸ್‌ಬ್ರಿಡ್ಜ್‌ನ ಅಶ್ವದಳ ಮತ್ತು ಪಿಕ್ಟನ್ನನ ಪದಾತಿದಳ ನಡೆಸಿದ ಪ್ರತಿದಾಳಿ ಇದರ ವಸ್ತು. ಈ ಘಟ್ಟದಲ್ಲಿ ಪ್ರಷ್ಯನ್ನರು ಇನ್ನೂ ರಣರಂಗ ತಲುಪಿರಲಿಲ್ಲವಾದ್ದರಿಂದ ಹಳೆಯ ಜಗಳಕ್ಕೆ ಇಲ್ಲಿ ಎಡೆಯೇ ಇರಲಿಲ್ಲ.

1844ರಲ್ಲೇ ಕಲೆಹಾಕಿದ ಸಾಮಗ್ರಿಯನ್ನು ಆಧರಿಸಿ, 1815ರ ಯುದ್ಧದ ಇತಿಹಾಸವನ್ನು ಎರಡು ಸಂಪುಟಗಳಲ್ಲಿ, ಪ್ರತ್ಯೇಕ ನಕ್ಷಾಸಂಪುಟದೊಡನೆ ಪ್ರಕಟಿಸಿದ. ನೆಲದ ಉಬ್ಬುತಗ್ಗುಗಳು ಎದ್ದು ಕಾಣುವಂತೆ ಮುದ್ರಿಸಿದ ಆ ನಕ್ಷೆಗಳಲ್ಲಿ ಮಾದರಿಕಾರನ ಕಣ್ಣು ಸ್ಪಷ್ಟವಾಗಿ ಕಾಣುತ್ತದೆ. 1843ರಿಂದ ಲಂಡನ್ನಿನ ಚೆಲ್ಸಿಯಲ್ಲಿ, ಸೈನಿಕರ ಮಕ್ಕಳಿಗಾಗಿದ್ದ ರಾಯಲ್ ಮಿಲಿಟರಿ ಅಸೈಲಮ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಈತ, ಅದೇ ಸೇವೆಯಲ್ಲಿರುವಾಗ 51ನೆಯ ವಯಸ್ಸಿನಲ್ಲಿ ತೀರಿಕೊಂಡ.

ಈಗಿನ ಸ್ಥಿತಿ

ಮೊದಲ ಮಾದರಿಯನ್ನು ಸೇನಾಧಿಕಾರಿಗಳು ಚಂದಾ ಕೂಡಿಸಿ ಕೊಂಡು ಯುನೈಟೆಡ್ ಸರ್ವಿಸ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಈಗ ಅದು ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. ಎರಡನೆಯದು ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹಾಲಯಕ್ಕೆ ಸೇರಿದೆ. ಪತ್ರಗಳಲ್ಲಿ ಆಯ್ದವನ್ನು ಸೈಬೋರ್ನನ ಮಗ, ಮೇಜರ್ ಜನರಲ್ ಹರ್ಬರ್ಟ್ ಟೇಲರ್ ಸೈಬೋರ್ನ್, 1891ರಲ್ಲಿ ಸಂಪಾದಿಸಿ ಪ್ರಕಟಿಸಿದ. ಮೂಲಪತ್ರಗಳ ಆರು ಸಂಪುಟಗಳನ್ನು ಬ್ರಿಟಿಷ್ ಲೈಬ್ರರಿಯಲ್ಲಿ ಕಾಪಾಡಲಾಗಿದೆ.