ಒಂದು ಚುಕ್ಕಿ, ಒಂದು ಹೊಸ ಹೆಸರು

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಲ್ಲಿ ಹೋಗ್ತಾ ಇದನ್ನ ಕೇಳ್ತಿದ್ರೆ, ಊರು ಬರೋದ್ರೊಳಗೆ ಕಥೆ ಮುಗಿಯುತ್ತೆ.

2014ರ ನವೆಂಬರ್ 1ರಂದು ಇಂಗ್ಲಿಷಿನ ‘ಶಿಮೊಗಾ’ ಅಧಿಕೃತವಾಗಿ ‘ಶಿವಮೊಗ್ಗ’ ಆಯಿತು. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರು ಎರಡಾದರೂ ಊರು ಒಂದೇ ಅಂತ ನಮಗೆ ಗೊತ್ತು. ಕಂಪ್ಯೂಟರ್‌ಗೆ ಗೊತ್ತಾಗಲ್ಲ.

ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನ ಕನ್ನಡದಲ್ಲೇ ಬರೀಬಹುದು. ‘ಶಿವಮೊಗ್ಗ = 40’ ಅಂತ ಬರೆದು, ಮುಂದಿನ ಸಾಲಲ್ಲಿ ‘ಶಿಮೊಗ್ಗ = ಶಿವಮೊಗ್ಗ + 20’ ಅಂತ ಹಾಕಿ ನೋಡಿ. ಎರರ್ ಬರಲ್ಲ. ‘ಶಿಮೊಗ್ಗ’ ಅನ್ನೋ ಹೊಸ ಡಬ್ಬಿಯಲ್ಲಿ 60 ಕೂತಿರುತ್ತೆ, ಹಳೇ ಡಬ್ಬಿಯಲ್ಲಿ 40 ಹಾಗೇ ಇರುತ್ತೆ.

ಇಂಥ ಬಗ್‌ನ ಹಿಂದೆ ಬಿದ್ದು ಇತಿಹಾಸ ಕೆದಕಿದಾಗ ನಾನು ತಲುಪಿದ್ದು 1957ಕ್ಕೆ. ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಭಾಷೆಯನ್ನು ಹೊರತಂದ ವರ್ಷ ಅದು. ಅದರಲ್ಲಿ ಎರಡು ಅನುಕೂಲ ಇದ್ದವು: ವೇರಿಯಬಲನ್ನ ಮೊದಲೇ ಘೋಷಿಸಬೇಕಿರಲಿಲ್ಲ, ಪದಗಳ ನಡುವಿನ ಖಾಲಿ ಜಾಗವನ್ನ ಯಂತ್ರ ಲೆಕ್ಕಕ್ಕೇ ಇಟ್ಕೊಳ್ತಿರಲಿಲ್ಲ. ಎರಡೂ ಸೇರಿದಾಗ ಏನಾಯ್ತು ಕೇಳಿ.

‘ಡು 10 ಐ = 1,10’ ಅಂದರೆ, 10 ಅಂತ ಗುರುತು ಹಾಕಿದ ಸಾಲಿನವರೆಗಿನ ಕೆಲಸವನ್ನ ಹತ್ತು ಸಲ ಮಾಡು ಅಂತ. ಅಮೆರಿಕದ ನಾಸಾ ಮೊದಲ ಬಾರಿ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸಿದ ಮರ್ಕ್ಯುರಿ ಯೋಜನೆಯಲ್ಲಿ, ಕಕ್ಷೆ ಲೆಕ್ಕ ಹಾಕುವ ಪ್ರೋಗ್ರಾಮಿನ ಇಂಥದೇ ಒಂದು ಸಾಲಲ್ಲಿ ಅಲ್ಪವಿರಾಮದ ಜಾಗದಲ್ಲಿ ಚುಕ್ಕಿ ಬಿದ್ದಿತ್ತು. ನಮ್ಮ ಉದಾಹರಣೆಯಲ್ಲಾದರೆ ಫೋರ್ಟ್ರಾನ್ ಖಾಲಿ ಜಾಗ ನುಂಗಿ, ‘ಡು10ಐ’ ಅನ್ನೋ ಹೊಸ ವೇರಿಯಬಲ್ ಹುಟ್ಟಿಸಿ, ಅದರಲ್ಲಿ 1.10 ತುಂಬುತ್ತೆ. ಹತ್ತು ಸಲ ಆಗಬೇಕಾದ ಕೆಲಸ ಒಂದೇ ಸಲ ಆಗುತ್ತೆ. ನಾಸಾದಲ್ಲೂ ಉತ್ತರ ಬರ್ತಿತ್ತು, ಬೇಕಾದಷ್ಟು ನಿಖರವಾಗಿ ಮಾತ್ರ ಇರಲಿಲ್ಲ. ಯಾರಿಗೋ ಅನುಮಾನ ಬಂದು ಕೆದಕಿದ್ದಕ್ಕೇ ಚುಕ್ಕಿ ಸಿಕ್ಕಿತು.

1962ರ ಜುಲೈ 22ರಂದು ಮ್ಯಾರಿನರ್ 1 ನೌಕೆ ನಾಶವಾಗಿದ್ದೂ ಈ ಚುಕ್ಕಿಯಿಂದಲೇ ಅಂತ ಹೇಳೋರಿದ್ದಾರೆ. ನಂಬಬೇಡಿ. ಅಲ್ಲಿ ಬಿಟ್ಟುಹೋಗಿದ್ದು ಸಮೀಕರಣದ ಒಂದು ಅಕ್ಷರದ ಮೇಲಿನ ಗೆರೆ.

ಘೋಷಿಸದ ಹೆಸರು ಕಂಡರೆ ತಡೆಯುವ ‘ಇಂಪ್ಲಿಸಿಟ್ ನನ್’ ಫೋರ್ಟ್ರಾನ್ 90ರಲ್ಲಿ ಅಧಿಕೃತವಾಯಿತು. ಜಾವಾಸ್ಕ್ರಿಪ್ಟ್‌ಗೆ ಅಂಥದೇ ‘ಯೂಸ್ ಸ್ಟ್ರಿಕ್ಟ್’ ಬಂದಿದ್ದು 2009ರಲ್ಲಿ.

ಅದಕ್ಕೇ ಉತ್ತರ ಎಡವಟ್ಟಾದಾಗ ನಾನು ಗಣಿತಕ್ಕಿಂತ ಮೊದಲು ಹೆಸರುಗಳನ್ನ ಒಂದೊಂದಾಗಿ ನೋಡ್ತೀನಿ. ಕೆಂಪು ಅಕ್ಷರದಲ್ಲಿ ಎರರ್ ಬಂದರೆ ಬೇಜಾರಾಗಬೇಡಿ, ಅದು ನಿಮ್ಮನ್ನ ಕಾಯ್ತಿದೆ. ತಪ್ಪು ಹೆಸರನ್ನೂ ಸದ್ದಿಲ್ಲದೆ ಒಪ್ಪಿಕೊಂಡುಬಿಡುತ್ತಲ್ಲ, ಹುಷಾರಾಗಿರಬೇಕಾದ್ದು ಅದರ ಹತ್ತಿರ.