ವೈಡಾಲ್ ಚೀಟಿಯ ‘ಎಚ್’

ವಾರ ಕಳೆದರೂ ಜ್ವರ ಇಳಿಯದಿದ್ದರೆ ಜೀಡಿಮೆಟ್ಲಾದಲ್ಲಾಗಲಿ, ಊರಿನ ಕಡೆ ಹುಬ್ಬಳ್ಳಿ, ರಾಯಚೂರುಗಳಲ್ಲಾಗಲಿ, ‘ವೈಡಾಲ್’ ಮಾಡಿಸಿ ಎನ್ನುವುದು ರೂಢಿ. ಸಂಜೆ ಕೈಗೆ ಬರುವ ಚೀಟಿಯಲ್ಲಿ ‘ಓ’, ‘ಎಚ್’ ಎಂಬ ಅಕ್ಷರಗಳು. ಪಕ್ಕದಲ್ಲಿ 1:80, 1:160 ಎಂಬ ಅಂಕಿಗಳು. ಅಂಕಿ ಕಂಡು ಗಾಬರಿಯಾಗುವ ನಾವು ಅಕ್ಷರದ ಕಥೆ ಕೇಳುವುದಿಲ್ಲ.

ರೋಗಿಯ ರಕ್ತದ ತಿಳಿದ್ರವ ಟೈಫಾಯ್ಡ್ ರೋಗಾಣುಗಳನ್ನು ಗಂಟುಕಟ್ಟಿಸುವುದನ್ನು ರೋಗಪರೀಕ್ಷೆಯಾಗಿ ಮಾಡಿದವನು ಪ್ಯಾರಿಸ್ಸಿನ ವೈದ್ಯ ವಿಡಾಲ್, 1896ರಲ್ಲಿ. ಅಕ್ಷರಗಳು ಬಂದದ್ದು ಮೊದಲ ಮಹಾಯುದ್ಧದ ಕಾಲಕ್ಕೆ, ವೈಲ್ ಮತ್ತು ಫೀಲಿಕ್ಸ್ ಎಂಬಿಬ್ಬರಿಂದ. ಅವರು ಬೆಳೆಸಿದ ಪ್ರೋಟಿಯಸ್ ಎಂಬ ಈಜುವ ರೋಗಾಣು, ಕನ್ನಡಿಯ ಮೇಲೆ ಉಸಿರು ಊದಿದಂತೆ ತಟ್ಟೆಯ ತುಂಬ ಮಬ್ಬಾಗಿ ಹರಡುತ್ತಿತ್ತು. ಜರ್ಮನರು ಆ ಉಸಿರ ಮಬ್ಬಿಗೆ ‘ಹೌಖ್’ ಎನ್ನುತ್ತಾರೆ, ಅದೇ ಎಚ್. ಮಬ್ಬಿಲ್ಲದ್ದು ‘ಓನೆ ಹೌಖ್’, ಅದೇ ಓ. ಈಜಲು ಬೇಕಾದದ್ದು ಚಾವಟಿಯಂಥ ಬಾಲ, ಅಂದರೆ ಕಶಾಂಗ. ಆದ್ದರಿಂದ ಎಚ್ ಎಂದರೆ ಬಾಲದ ಗುರುತು.

ಈ ಬಾಲ ಕಟ್ಟುವ ಕೆಲಸವೇ ಸೋಜಿಗದ್ದು. ನಮ್ಮ ಕೂದಲು ಬುಡದಿಂದ ಬೆಳೆಯುತ್ತದೆ. ಇದು ತುದಿಯಿಂದ ಬೆಳೆಯುತ್ತದೆಂದು ಟೈಫಾಯ್ಡಿನ ಹತ್ತಿರದ ಬಂಧುವಾದ ಸಾಲ್ಮೊನೆಲ್ಲಾದಲ್ಲಿ ಜಪಾನಿನ ಈನೋ 1969ರಲ್ಲಿ ತೋರಿಸಿದರು. ಬಾಲದೊಳಗೆ ಮಿಲಿಮೀಟರಿನ ಐದು ಲಕ್ಷದಲ್ಲೊಂದು ಪಾಲಿನಷ್ಟು ಸಣ್ಣ ಕೊಳವೆ. ಫ್ಲಾಜೆಲಿನ್ ಎಂಬ ಪ್ರೋಟೀನಿನ ಸಾವಿರಾರು ಕಣಗಳು ಅದರೊಳಗೆ ಸಾಗಿ ತುದಿ ಸೇರಬೇಕು. ಅಲ್ಲಿ ಅವುಗಳನ್ನು ಕೂರಿಸುವವರಾರು? 1980ರ ದಶಕದಲ್ಲಿ ಹೊಮ್ಮಾ, ಈನೋ ಮೊದಲಾದವರು ತುದಿಯ ಒಂದು ಪ್ರೋಟೀನ್ ಇಲ್ಲದ ತಳಿಗಳನ್ನು ಪರೀಕ್ಷಿಸಿದರು. ಬಾಲವೇ ಇಲ್ಲ, ಸರಕೆಲ್ಲ ಹೊರಗಿನ ನೀರಿಗೆ ಸೋರಿಹೋಗುತ್ತಿತ್ತು! ಈ ಮೇಸ್ತ್ರಿಗೆ ಈಗ ಫ್ಲಿ-ಡಿ ಎಂದು ಹೆಸರು. ಅದರ ಐದು ಅಣುಗಳು ಸೇರಿ ಮುಚ್ಚಳವಾಗುವುದನ್ನು 2000ದಲ್ಲಿ ಜಪಾನೀಯರೇ ಚಿತ್ರಿಸಿದರು. ನಮ್ಮಲ್ಲಿ ಗೋಪುರ ಮುಗಿದ ಮೇಲೆ ಕಲಶ; ಇಲ್ಲಿ ಕಲಶ ಮೊದಲು, ಅಂತಸ್ತುಗಳು ಅದರ ಕೆಳಗೆ ಸೇರುತ್ತವೆ. ಕಣಗಳು ಜೀವಕೋಶದೊಳಗೇ ಒಂದಕ್ಕೊಂದು ಅಂಟದಂತೆ ಫ್ಲಿ-ಎಸ್ ಎಂಬ ಇನ್ನೊಂದು ಪ್ರೋಟೀನ್ ಕಾಯುತ್ತದೆ.

ಚೀಟಿಗೆ ಮರಳೋಣ. ಹಿಂದೆಂದೋ ಬಂದ ಜ್ವರ, ಇಡೀ ರೋಗಾಣುವಿನಿಂದ ಮಾಡಿದ ಹಳೆಯ ಚುಚ್ಚುಮದ್ದು, ಇವುಗಳಿಂದಲೂ ಎಚ್ ಅಂಕಿ ಏರಿರಬಹುದು. ಒಂದೇ ಸಲದ ಅಂಕಿ ನಂಬಿ ಮಾತ್ರೆ ನುಂಗುವುದು ಸಲ್ಲದು; ಔಷಧಿ ಶುರುಮಾಡುವ ಮುನ್ನ ರಕ್ತದಿಂದ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ.

ಅದೇ ಫೀಲಿಕ್ಸ್ 1934ರಲ್ಲಿ ಮಾರ್ಗರೆಟ್ ಪಿಟ್ ಜೊತೆ ರೋಗಾಣುವಿನ ಹೊರಹೊದಿಕೆ ‘ವಿಐ’ಯನ್ನು ಗುರುತಿಸಿದ. ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ, 2017ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಟೈಫಾಯ್ಡ್ ಲಸಿಕೆಗೆ ಆ ಹೊದಿಕೆಯೇ ಆಧಾರ. ಅದರಲ್ಲಿ ಬಾಲವಿಲ್ಲ. ಆರು ತಿಂಗಳು ತುಂಬಿದ ಕೂಸಿಗೂ ಕೊಡಬಹುದು.