ಏಣು-ತೋಡಿನ ಹೆಂಚು
ಸೋರುತ್ತಿದೆಯೆಂದು ಹೆಂಚು ಇಳಿಸಿ ತಗಡು ಹೊದಿಸಲು ಹೊರಟಿದ್ದೀರಾ? ಮೊದಲು ಒಂದು ಮಂಗಳೂರು ಹೆಂಚನ್ನು ತಿರುಗಿಸಿ ನೋಡಿ. ಒಂದರ ಏಣು ಪಕ್ಕದ್ದರ ತೋಡಿನಲ್ಲಿ ಕೂರುವಂತಿದೆ. ಹೀಗೆ ಸಿಕ್ಕಿಕೊಳ್ಳುವ ಹೆಂಚಿಗೆ ಫ್ರಾನ್ಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನಾಡಹೆಂಚನ್ನು ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕಿತ್ತು. ಇದರಲ್ಲಿ ಹೊದಿಕೆ ಅಂಚಿಗಷ್ಟೇ ಸಾಕಾಯಿತು, ಮಾಡಿನ ಭಾರವೂ ಇಳಿಯಿತು.

ತೆಳುವಾದ ತಗಡು ಬಿಸಿಲಿಗೆ ಬೇಗ ಕಾದು ನೇರವಾಗಿ ನಮ್ಮ ತಲೆಯ ಮೇಲೆ ಶಾಖ ಸೂಸುತ್ತದೆ. ಹೆಂಚಿನ ಸಂದಿಗಳಲ್ಲಾದರೋ ಬಿಸಿಗಾಳಿ ಹೊರಹೋಗುತ್ತದೆ. ಇನ್ನು ಸೋರಿಕೆ: ಕೆಳಗಿನ ರೀಪು ಬಾಗಿದರೆ ಏಣು ತೋಡಿನಿಂದ ಕಳಚಿಕೊಳ್ಳುತ್ತದೆ, ನೀರು ಇಳಿಯುತ್ತದೆ. ಬೈಗುಳ ಮಾತ್ರ ಹೆಂಚಿಗೆ! ಹತ್ತಿ ನೋಡಿ, ಬಾಗಿದ ರೀಪು, ಒಡೆದ ಹೆಂಚು ಇವಿಷ್ಟನ್ನೇ ಮೊದಲು ಬದಲಿಸಿ.